ಮನೆಯಲ್ಲಿ ಮಾಡಿದ ಬಾತ್ ಬಾಂಬ್ ಉಬ್ಬುವುದು, ಬಿರಿಯುವುದು, ಪುಡಿಯಾಗುವುದು ಏಕೆ?

ಅಡುಗೆ ಸೋಡಾ, ನಿಂಬೆ ಉಪ್ಪು, ಕಾರ್ನ್‌ಫ್ಲೋರ್, ಎರಡು ಚಮಚ ಎಣ್ಣೆ. ವಿಡಿಯೊಗಳಲ್ಲಿ ನೋಡಿದರೆ ಬಾತ್ ಬಾಂಬ್ ಮಾಡುವುದು ಐದು ನಿಮಿಷದ ಕೆಲಸ. ಅದೇ ಅಳತೆ ಹಿಡಿದು ಜುಲೈ ತಿಂಗಳ ಮಳೆಯಲ್ಲಿ ದಾವಣಗೆರೆಯಲ್ಲೋ ಹರಿಹರದಲ್ಲೋ ಮಾಡಲು ಕುಳಿತರೆ ಕಥೆ ಬೇರೆ. ಕಟ್ಟಿಟ್ಟ ಉಂಡೆ ರಾತ್ರಿ ಕಳೆಯುವುದರೊಳಗೆ ಉಬ್ಬಿ ಹೂಕೋಸಿನಂತಾಗುತ್ತದೆ. ಇನ್ನೊಮ್ಮೆ ಕೈಯಲ್ಲಿ ಹಿಡಿದರೆ ಪುಡಿಯಾಗುತ್ತದೆ. ಮತ್ತೊಮ್ಮೆ ಕಲ್ಲಿನಂತೆ ಗಟ್ಟಿಯಾಗಿ, ನೀರಿಗೆ ಹಾಕಿದರೆ ನಾಲ್ಕು ಗುಳ್ಳೆ ಬಿಟ್ಟು ತಳ ಸೇರುತ್ತದೆ.

ಈ ಸಮಸ್ಯೆಗಳು ಬೇರೆ ಬೇರೆಯಾಗಿ ಕಂಡರೂ ಹೆಚ್ಚಿನವುಗಳ ಮೂಲ ಒಂದೇ: ತಪ್ಪು ಹೊತ್ತಿನಲ್ಲಿ ಸೇರಿದ ನೀರು. ಎರಡನೆಯ ಮಾತು, ವಿಡಿಯೊದ ಅಳತೆ ಇರುವುದು ಬಾತ್‌ಟಬ್‌ಗೆ, ನಮ್ಮ ಬಕೆಟ್‌ಗೆ ಅಲ್ಲ. ಇವೆರಡನ್ನೂ ಅರ್ಥ ಮಾಡಿಕೊಂಡರೆ ಸಾಮಾನು ಹಾಳಾಗುವುದೂ ತಪ್ಪುತ್ತದೆ, ಚರ್ಮ ಉರಿಯುವುದೂ ತಪ್ಪುತ್ತದೆ.

ಒಳಗೆ ನಡೆಯುವುದೇನು?

ಬಾತ್ ಬಾಂಬ್ ಮೊದಲು ತಯಾರಾದದ್ದು 1989ರಲ್ಲಿ, ಇಂಗ್ಲೆಂಡಿನಲ್ಲಿ. ಮುಂದೆ ಲಷ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಮೋ ಕಾನ್‌ಸ್ಟಂಟೈನ್ ಅದನ್ನು ರೂಪಿಸಿದರು. ನೀರಿಗೆ ಹಾಕಿದರೆ ನೊರೆಯೇಳುವ ಹೊಟ್ಟೆಯುರಿ ಮಾತ್ರೆ ಅವರಿಗೆ ಪ್ರೇರಣೆ. ನಮ್ಮಲ್ಲಿ ಇದಕ್ಕೆ ಹತ್ತಿರದ ನೆಂಟ ಈನೋ. ಆ ಪೊಟ್ಟಣದ ಮೇಲೆ ಓದಿ ನೋಡಿ: ಸ್ವರ್ಜಿಕ್ಷಾರ ಎಂದರೆ ಅಡುಗೆ ಸೋಡಾ, ನಿಂಬುಕಾಮ್ಲ ಎಂದರೆ ಸಿಟ್ರಿಕ್ ಆಮ್ಲ.

ಸೋಡಾ ಒಂದು ಪ್ರತ್ಯಾಮ್ಲ, ಸಿಟ್ರಿಕ್ ಆಮ್ಲ ಹೆಸರೇ ಹೇಳುವಂತೆ ಆಮ್ಲ. ಎರಡೂ ಒಣಗಿರುವಾಗ ಒಂದೇ ಡಬ್ಬಿಯಲ್ಲಿ ಸುಮ್ಮನೆ ಇರುತ್ತವೆ. ನೀರು ಸೋಕಿದೊಡನೆ ಕರಗಿ ಒಂದಕ್ಕೊಂದು ವರ್ತಿಸಿ ಸೋಡಿಯಂ ಸಿಟ್ರೇಟ್ ಎಂಬ ಲವಣ, ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಅನಿಲವಾಗುತ್ತವೆ. ಆ ಅನಿಲವೇ ನಮಗೆ ಕಾಣುವ ಬುರುಬುರು ಗುಳ್ಳೆ.

ಇಲ್ಲಿ ಗಮನಿಸಬೇಕಾದದ್ದು, ಈ ಕ್ರಿಯೆಯಿಂದಲೇ ನೀರೂ ಹುಟ್ಟುತ್ತದೆ. ಆ ನೀರು ಪಕ್ಕದ ಕಣಗಳನ್ನು ಒದ್ದೆ ಮಾಡುತ್ತದೆ, ಅವೂ ವರ್ತಿಸಿ ಇನ್ನಷ್ಟು ನೀರು ಬಿಡುತ್ತವೆ. ಆದ್ದರಿಂದಲೇ ಒಂದೆರಡು ಹನಿ ಹೆಚ್ಚಾದರೂ ಇಡೀ ಉಂಡೆ ಗಂಟೆಗಟ್ಟಲೆ ಒಳಗೊಳಗೇ ಉಬ್ಬುತ್ತಾ ಹೋಗುತ್ತದೆ. ಬೆಣ್ಣೆ ದೋಸೆಯ ಹಿಟ್ಟಿಗೋ ಮೆಣಸಿನಕಾಯಿ ಬಜ್ಜಿಯ ಹಿಟ್ಟಿಗೋ ಸೋಡಾ ಹಾಕುವವರು ಕೊನೆಯಲ್ಲಿ ಹಾಕುವುದು ಏಕೆಂದು ನೆನಪಿಸಿಕೊಳ್ಳಿ. ಒಮ್ಮೆ ಹೊರಟ ಅನಿಲ ಮತ್ತೆ ಬರುವುದಿಲ್ಲ. ಬಾತ್ ಬಾಂಬ್‌ನಲ್ಲೂ ಹಾಗೆಯೇ: ಕಟ್ಟುವಾಗ ಖರ್ಚಾದ ಗುಳ್ಳೆ ಸ್ನಾನದ ಹೊತ್ತಿಗೆ ಉಳಿಯುವುದಿಲ್ಲ.

ಅಂಗಡಿಯಲ್ಲಿ ಏನು ಕೇಳಬೇಕು?

ಅರ್ಧ ಸಮಸ್ಯೆ ಶುರುವಾಗುವುದು ಹೆಸರಿನ ಗೊಂದಲದಿಂದ.

ಅಡುಗೆ ಸೋಡಾ: ಇದೇ ಬೇಕಾದದ್ದು, ಸೋಡಿಯಂ ಬೈಕಾರ್ಬನೇಟ್. ಬೇಕಿಂಗ್ ಪೌಡರ್ ಬೇಡ. ಅದರಲ್ಲಿ ಸೋಡಾದ ಜೊತೆ ಆಮ್ಲೀಯ ಲವಣ ಮತ್ತು ಪಿಷ್ಟ ಮೊದಲೇ ಬೆರೆತಿರುವುದರಿಂದ ಗುಳ್ಳೆ ಕಡಿಮೆ. ವಾಷಿಂಗ್ ಸೋಡಾ ಅಂತೂ ಖಂಡಿತ ಬೇಡ. ಅಡುಗೆ ಸೋಡಾ ಕರಗಿದ ನೀರಿನ ಪಿಎಚ್ ಸುಮಾರು 8.3. ಬಟ್ಟೆ ಒಗೆಯುವ ಸೋಡಾದ್ದು 11ರ ಆಸುಪಾಸು. ಚರ್ಮವನ್ನೂ ಕಣ್ಣನ್ನೂ ಸುಡುವಷ್ಟು ತೀಕ್ಷ್ಣ. ನಿಂಬೆರಸ ಹಾಕಿ ನೊರೆ ಬಂದರೆ ಅಡುಗೆ ಸೋಡಾ ಎಂದು ತಿಳಿಯುವುದು ತಪ್ಪು, ಎರಡಕ್ಕೂ ನೊರೆ ಬರುತ್ತದೆ. ಬಿಡಿಯಾಗಿ ಕಟ್ಟಿಕೊಟ್ಟ ಬಿಳಿ ಪುಡಿಯ ಬದಲು ಹೆಸರು ಮುದ್ರಿಸಿದ ಪೊಟ್ಟಣವನ್ನೇ ಕೊಳ್ಳಿ.

ನಿಂಬೆ ಉಪ್ಪು: ಇದು ಸಿಟ್ರಿಕ್ ಆಮ್ಲ. ಎರಡು ಬಗೆಯಲ್ಲಿ ಸಿಗುತ್ತದೆ. ಜಲರಹಿತ ಬಗೆ ಒಣಗಿರುತ್ತದೆ. ಮೊನೊಹೈಡ್ರೇಟ್ ಎಂದು ಬರೆದಿರುವ ಬಗೆಯ ಹರಳುಗಳಲ್ಲಿ ತೂಕದ ಸುಮಾರು ಶೇ 8.6ರಷ್ಟು ನೀರು ಅಡಗಿರುತ್ತದೆ. ಸಾಧ್ಯವಾದರೆ ಮೊದಲನೆಯದನ್ನೇ ಆರಿಸಿ. ಹರಳು ದಪ್ಪಗಿದ್ದರೆ ಪೂರ್ತಿ ಒಣಗಿದ ಮಿಕ್ಸಿ ಜಾರಿನಲ್ಲಿ ಪುಡಿ ಮಾಡಿ. ಪುಡಿ ಕೂರುವ ತನಕ ಮುಚ್ಚಳ ತೆಗೆಯಬೇಡಿ, ಮೂಗಿಗೆ ಹೋದರೆ ಕೆಮ್ಮು ಹತ್ತುತ್ತದೆ.

ಕಾರ್ನ್‌ಫ್ಲೋರ್: ಇಂಗ್ಲಿಷ್ ಅಳತೆಯನ್ನು ಕನ್ನಡಕ್ಕೆ ತಂದವರು ಕೆಲವೊಮ್ಮೆ ಇದನ್ನು ಜೋಳದ ಹಿಟ್ಟು ಎಂದು ಬರೆದುಬಿಡುತ್ತಾರೆ. ನಮ್ಮಲ್ಲಿ ಜೋಳದ ಹಿಟ್ಟೆಂದರೆ ರೊಟ್ಟಿಯ ಹಿಟ್ಟು. ದಾವಣಗೆರೆ ಜಿಲ್ಲೆ ಮೆಕ್ಕೆಜೋಳಕ್ಕೆ ಹೆಸರಾದದ್ದು, ಆದರೆ ಗಿರಣಿಯಲ್ಲಿ ಬೀಸಿಸಿದ ಮೆಕ್ಕೆಜೋಳದ ಹಿಟ್ಟೂ ಇಲ್ಲಿ ಕೆಲಸಕ್ಕೆ ಬಾರದು. ಅದರಲ್ಲಿ ನಾರು, ಎಣ್ಣೆಯಂಶ ಎಲ್ಲ ಇರುತ್ತದೆ, ನೀರಿನಲ್ಲಿ ತರಿತರಿಯಾಗಿ ತೇಲುತ್ತದೆ. ಬೇಕಾದದ್ದು ಕಾಳಿನಿಂದ ಬೇರ್ಪಡಿಸಿದ ನುಣುಪಾದ ಬಿಳಿ ಪಿಷ್ಟ. ಇದು ಕಣಗಳ ನಡುವೆ ತುಂಬಿಕೊಂಡು ತೇವ ಹೀರುತ್ತದೆ, ಗುಳ್ಳೆಯ ವೇಗವನ್ನು ಹದಕ್ಕೆ ತರುತ್ತದೆ.

ಎಪ್ಸಮ್ ಸಾಲ್ಟ್: ಇದು ಮೆಗ್ನೀಷಿಯಂ ಸಲ್ಫೇಟ್. ಕೈಗೆ ಒಣಗಿದಂತೆ ಕಂಡರೂ ಈ ಹರಳಿನ ತೂಕದಲ್ಲಿ ಅರ್ಧದಷ್ಟು ನೀರೇ. ಬಿಸಿ ತಗುಲಿದರೆ ಅದು ನೀರು ಬಿಡುತ್ತದೆ, ಉಂಡೆ ಬೆವರುತ್ತದೆ. ಮೊದಲ ಸಲ ಮಾಡುವವರು ಇದನ್ನು ಬಿಟ್ಟುಬಿಡುವುದೇ ಒಳ್ಳೆಯದು. ತೋಟಕ್ಕೆಂದು ಗೊಬ್ಬರದ ಅಂಗಡಿಯಿಂದ ತಂದ ಮೆಗ್ನೀಷಿಯಂ ಸಲ್ಫೇಟನ್ನು ಸ್ನಾನಕ್ಕೆ ಬಳಸಬೇಡಿ. ಅದು ಮೈಗೆ ಹಚ್ಚುವ ಶುದ್ಧತೆಗೆ ತಯಾರಿಸಿದ್ದಲ್ಲ.

ಎಣ್ಣೆ: ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತುಪ್ಪದಂತೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಿಗ್ಗೆ ಗಟ್ಟಿಯಾಗಿ ನಿಂತ ಉಂಡೆ ಏಪ್ರಿಲ್‌ನಲ್ಲಿ ಅದೇ ಅಳತೆಗೆ ಮೆತ್ತಗಾಗಲು ಇದೇ ಕಾರಣ. ಬೇಸಿಗೆಯಲ್ಲಿ ಎಣ್ಣೆಯನ್ನು ಅರ್ಧಕ್ಕೆ ಇಳಿಸಿ.

ಬಕೆಟ್‌ಗೆ ಹೊಂದುವ ಅಳತೆ

ಒಂದು ಬಾತ್‌ಟಬ್‌ಗೆ ಸುಮಾರು 150 ಲೀಟರ್ ನೀರು ಹಿಡಿಯುತ್ತದೆ ಎಂದುಕೊಳ್ಳೋಣ. ಅದಕ್ಕೆ 100 ಗ್ರಾಂ ತೂಕದ ಒಂದು ಬಾತ್ ಬಾಂಬ್. ನಮ್ಮ ಬಚ್ಚಲಿನ ಬಕೆಟ್‌ಗೆ ಹಿಡಿಯುವುದು ಸುಮಾರು 18 ಲೀಟರ್. ಅದೇ ಉಂಡೆಯನ್ನು ಇಲ್ಲಿ ಹಾಕಿದರೆ ಸೋಡಾ, ಸುಗಂಧ, ಬಣ್ಣ ಎಲ್ಲವೂ ಎಂಟು ಪಟ್ಟು ಗಾಢವಾಗುತ್ತವೆ. ಬಾತ್ ಬಾಂಬ್ ಹಾಕಿದಾಗ ಮೈ ಉರಿಯಿತು ಎನ್ನುವ ಅನೇಕ ಸಂದರ್ಭಗಳ ಹಿಂದೆ ಈ ಲೆಕ್ಕ ಇರಬಹುದು. ಒಂದು ಬಕೆಟ್‌ಗೆ 12 ಗ್ರಾಂ ಸಾಕು, ಅಂದರೆ ನೆಲ್ಲಿಕಾಯಿ ಗಾತ್ರದ ಉಂಡೆ. ಚಿಕ್ಕ ಉಂಡೆಗೆ ಇನ್ನೊಂದು ಲಾಭವಿದೆ: ಒಳಗಿನ ತನಕ ಬೇಗ ಒಣಗುತ್ತದೆ, ಬಿರಿಯುವುದು ಕಡಿಮೆ.

ಅಂಥ ಸುಮಾರು 30 ಉಂಡೆಗೆ ಬೇಕಾಗುವುದು: ಅಡುಗೆ ಸೋಡಾ 200 ಗ್ರಾಂ, ನಿಂಬೆ ಉಪ್ಪು 100 ಗ್ರಾಂ, ಕಾರ್ನ್‌ಫ್ಲೋರ್ 50 ಗ್ರಾಂ, ಎಣ್ಣೆ 2 ಸಣ್ಣ ಚಮಚ, ಸುಗಂಧ ತೈಲ ಬೇಕಿದ್ದರೆ 20 ಹನಿ, ಮತ್ತು ನೀರು ಸ್ಪ್ರೇ ಬಾಟಲಿಯಿಂದ ಬೇಕಾದಷ್ಟೇ, ಒಟ್ಟು ಒಂದು ಸಣ್ಣ ಚಮಚ ಮೀರದಂತೆ. ಲೋಟದ ಅಳತೆ ಬೇಡ, ತೂಕದ ಅಳತೆಯನ್ನೇ ಬಳಸಿ. ನುಣುಪು ಪುಡಿ ಮತ್ತು ದಪ್ಪ ಹರಳು ಒಂದೇ ಲೋಟದಲ್ಲಿ ಒಂದೇ ತೂಕ ಬರುವುದಿಲ್ಲ.

ಎರಡಕ್ಕೆ ಒಂದು ಏಕೆ? 100 ಗ್ರಾಂ ಸಿಟ್ರಿಕ್ ಆಮ್ಲ ಪೂರ್ತಿ ಖರ್ಚಾಗಲು ಸುಮಾರು 131 ಗ್ರಾಂ ಸೋಡಾ ಸಾಕು. ಉಳಿದ 70 ಗ್ರಾಂ ಸೋಡಾ ನೀರಿನಲ್ಲಿ ಹಾಗೆಯೇ ಉಳಿಯುತ್ತದೆ, ಆಮ್ಲ ಉಳಿಯುವುದಿಲ್ಲ. ಗುಳ್ಳೆ ಹೆಚ್ಚಲಿ ಎಂದು ನಿಂಬೆ ಉಪ್ಪನ್ನು ಸಮ ಪ್ರಮಾಣಕ್ಕೆ ಏರಿಸಿದರೆ ಆಮ್ಲವೇ ಮಿಕ್ಕಿ, ಗಾಯ ಅಥವಾ ಕೆರೆದ ಜಾಗ ಚುರುಗುಟ್ಟುತ್ತದೆ.

ಯಾವ ದಿನ ಮಾಡಬೇಕು?

ಗಾಳಿಯ ಆರ್ದ್ರತೆ ಸುಮಾರು ಶೇ 75 ದಾಟಿದರೆ ಸಿಟ್ರಿಕ್ ಆಮ್ಲ ಗಾಳಿಯಿಂದಲೇ ನೀರು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಇಂಥ ದಿನಗಳು ಸಾಮಾನ್ಯ. ಆರ್ದ್ರತೆ ಅಳೆಯುವ ಯಂತ್ರ ಮನೆಯಲ್ಲಿಲ್ಲದಿದ್ದರೂ ದಾವಣಗೆರೆಯವರಿಗೆ ಮಂಡಕ್ಕಿ ಇದೆ. ಗರಿಗರಿ ಮಂಡಕ್ಕಿಯನ್ನು ತಟ್ಟೆಯಲ್ಲಿ ತೆರೆದಿಡಿ. ಅರ್ಧ ಗಂಟೆಯಲ್ಲಿ ಮೆತ್ತಗಾದರೆ ಅದು ಬಾತ್ ಬಾಂಬ್ ಮಾಡುವ ದಿನವಲ್ಲ. ಫೆಬ್ರುವರಿ, ಮಾರ್ಚ್ ತಿಂಗಳ ಒಣ ಮಧ್ಯಾಹ್ನ ಒಳ್ಳೆಯ ಹೊತ್ತು. ಮಳೆಗಾಲದಲ್ಲೇ ಮಾಡಬೇಕಾದರೆ ನೀರು ಚಿಮುಕಿಸುವುದನ್ನು ಬಿಟ್ಟು ಎಣ್ಣೆಯ ಹದದಲ್ಲೇ ಕಟ್ಟಿ ನೋಡಿ. ಒಲೆಯ ಹತ್ತಿರ, ಅನ್ನ ಬೇಯುವ ಆವಿಯ ಹತ್ತಿರ ಕುಳಿತು ಮಾಡಬೇಡಿ.

ನೀರಿನ ಬದಲು ಸ್ಪಿರಿಟ್ ಬಳಸಬಹುದೇ ಎಂಬ ಪ್ರಶ್ನೆಯೂ ಇದೆ. ಬಳಸಬಹುದು, ಬೇಗ ಆರುತ್ತದೆ. ಆದರೆ ಶೇ 70ರ ಸ್ಪಿರಿಟ್‌ನಲ್ಲಿ ಉಳಿದ ಭಾಗ ನೀರೇ. ಬೆಂಕಿ ಹತ್ತುವ ವಸ್ತುವಾದ್ದರಿಂದ ಅಡುಗೆಮನೆಯಲ್ಲಿ ಬಳಸಲೇಬೇಡಿ. ಗುಲಾಬಿ ಜಲ ಹೆಸರಿಗಷ್ಟೇ ಬೇರೆ, ಅದೂ ನೀರೇ.

ಏನು ಕೆಟ್ಟಿದೆ, ಸರಿಪಡಿಸುವುದು ಹೇಗೆ?

ಹದ ತಿಳಿಯುವುದು ಹೇಗೆ? ರವೆ ಉಂಡೆ ಕಟ್ಟುವಾಗಿನ ಹದ. ಮುಷ್ಟಿಯಲ್ಲಿ ಒತ್ತಿದರೆ ಆಕಾರ ನಿಲ್ಲಬೇಕು, ಬೆರಳಿಗೆ ಅಂಟಬಾರದು, ಮುರಿದರೆ ಎರಡು ಹೋಳಾಗಬೇಕು. ಇನ್ನೊಂದು ಗುರುತೂ ಇದೆ. ಸೋಡಾ ಮತ್ತು ಸಿಟ್ರಿಕ್ ಆಮ್ಲದ ಕ್ರಿಯೆ ಶಾಖವನ್ನು ಹೀರುತ್ತದೆ. ಕಲಸುವಾಗ ಕೈಗೆ ತಣ್ಣಗೆ ತಟ್ಟಿದರೆ ಕ್ರಿಯೆ ಆಗಲೇ ಶುರುವಾಗಿದೆ ಎಂದರ್ಥ. ತಕ್ಷಣ ನೀರು ನಿಲ್ಲಿಸಿ.

ಉಬ್ಬುತ್ತದೆ, ಮೈಮೇಲೆ ಗಂಟುಗಳೇಳುತ್ತವೆ: ನೀರು ಹೆಚ್ಚಾಗಿದೆ, ಅಥವಾ ಒಂದೇ ಕಡೆ ಬಿದ್ದಿದೆ. ಚಮಚದಿಂದ ಸುರಿಯದೆ ಸ್ಪ್ರೇ ಮಾಡಿ, ಪ್ರತಿ ಸಲ ಪೂರ್ತಿ ಕಲಸಿ. ಆಗಲೇ ಒದ್ದೆಯಾದ ಮಿಶ್ರಣಕ್ಕೆ ಒಣ ಸೋಡಾ ಮತ್ತು ಕಾರ್ನ್‌ಫ್ಲೋರ್ ಸೇರಿಸಿದರೆ ಸ್ವಲ್ಪ ಉಳಿದೀತು. ತುಂಬ ಉಬ್ಬಿದ್ದನ್ನು ಉಂಡೆ ಮಾಡುವ ಆಸೆ ಬಿಟ್ಟು, ಒಣಗಿಸಿ ಪುಡಿ ಮಾಡಿ ಸಿಂಕ್ ತೊಳೆಯಲು ಬಳಸಿ.

ಪುಡಿಯಾಗುತ್ತದೆ: ತೇವ ಸಾಲದು, ಅಥವಾ ಒತ್ತಿದ್ದು ಸಾಲದು. ಕಾರ್ನ್‌ಫ್ಲೋರ್ ಹೆಚ್ಚಾದರೂ ಹೀಗಾಗುತ್ತದೆ. ಇನ್ನೆರಡು ಸ್ಪ್ರೇ ಕೊಟ್ಟು, ಸಣ್ಣ ಬಟ್ಟಲಿನಲ್ಲೋ ಐಸ್ ಟ್ರೇಯಲ್ಲೋ ಪದರ ಪದರವಾಗಿ ಒತ್ತಿ. ಅಚ್ಚಿನಿಂದ ತೆಗೆಯಲು ಆತುರ ಬೇಡ.

ಬಿರುಕು ಬಿಡುತ್ತದೆ: ಒಳಗೆ ತೇವ ಉಳಿದು ಹೊರಮೈ ಮೊದಲು ಒಣಗಿದೆ. ಒಳಗಿನ ಅನಿಲ ಹೊರಬರಲು ದಾರಿ ಮಾಡಿಕೊಳ್ಳುತ್ತದೆ. ಉಂಡೆ ಚಿಕ್ಕದಾಗಲಿ, ನೀರು ಕಡಿಮೆಯಾಗಲಿ. ಎರಡು ಅರ್ಧಗಳನ್ನು ಕೂಡಿಸುವ ಅಚ್ಚಾದರೆ ಎರಡನ್ನೂ ಒಂದೇ ಒತ್ತಡದಲ್ಲಿ ತುಂಬಿ.

ಕಲ್ಲಿನಂತಾಗಿದೆ, ಗುಳ್ಳೆ ಇಲ್ಲ: ಕಟ್ಟುವಾಗಲೇ ಸೋಡಾ ಮತ್ತು ಆಮ್ಲ ಖರ್ಚಾಗಿವೆ. ಹುಟ್ಟಿದ ಸಿಟ್ರೇಟ್ ಲವಣ ಒಣಗಿ ಸಿಮೆಂಟಿನಂತೆ ಹಿಡಿದಿದೆ. ಗಟ್ಟಿಯಾದ ಉಂಡೆಯೆಲ್ಲ ಒಳ್ಳೆಯ ಉಂಡೆಯಲ್ಲ. ಇದನ್ನು ಸರಿಪಡಿಸಲಾಗದು.

ಗುಳ್ಳೆ ನಿಧಾನ: ಎಣ್ಣೆ ಅಥವಾ ಕಾರ್ನ್‌ಫ್ಲೋರ್ ಹೆಚ್ಚಾಗಿದೆ, ನಿಂಬೆ ಉಪ್ಪು ದಪ್ಪಗಿದೆ, ಇಲ್ಲವೇ ಬಕೆಟ್ ನೀರು ತಣ್ಣಗಿದೆ. ಬಿಸಿ ನೀರಿನಲ್ಲಿ ಕ್ರಿಯೆ ವೇಗವಾಗಿ ನಡೆಯುತ್ತದೆ.

ತೇಲುವುದಿಲ್ಲ: ದೋಷವಲ್ಲ. ಗಟ್ಟಿಯಾಗಿ ಒತ್ತಿದ ಉಂಡೆ ನೀರಿಗಿಂತ ಭಾರ, ಮುಳುಗುತ್ತದೆ. ಸಡಿಲ ಉಂಡೆಯೊಳಗೆ ಗಾಳಿ ಇರುವುದರಿಂದ ತೇಲುತ್ತದೆ.

ನೀರು ಹಾಲಿನಂತೆ ಮಬ್ಬಾಗುತ್ತದೆ: ಹೆಚ್ಚಿನ ಪಾಲು ಕಾರ್ನ್‌ಫ್ಲೋರ್. ಆದರೆ ನೀರೂ ಕಾರಣವಾಗಬಹುದು. ದಾವಣಗೆರೆಗೆ ತುಂಗಭದ್ರೆಯ ಮತ್ತು ಭದ್ರಾ ನಾಲೆಯ ನೀರು ಬರುತ್ತದೆ. ಹರಿಹರ ಇರುವುದೇ ತುಂಗಭದ್ರೆಯ ದಡದಲ್ಲಿ. ನಲ್ಲಿ ನೀರಿಲ್ಲದ ದಿನ ಬಳಸುವ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಮಿಕ್ಕ ಸೋಡಾ ಆ ನೀರಿನ ಕ್ಯಾಲ್ಸಿಯಂ ಜೊತೆ ಸೇರಿ, ನೀರು ಬಿಸಿಯಿದ್ದಾಗ ಸಣ್ಣ ಬಿಳಿ ಕಣಗಳಾಗಬಹುದು. ಹಾನಿಯಿಲ್ಲ.

ಬಣ್ಣ ಏಕೆ ಬದಲಾಯಿತು?

ಆರತಿ ತಟ್ಟೆಯಲ್ಲಿ ಅರಿಶಿಣದ ನೀರಿಗೆ ಸುಣ್ಣ ಬೆರೆಸಿದರೆ ಕೆಂಪಾಗುವುದನ್ನು ಎಲ್ಲರೂ ಬಲ್ಲೆವು. ಸುಣ್ಣದಷ್ಟು ತೀಕ್ಷ್ಣವಲ್ಲದಿದ್ದರೂ ಸೋಡಾ ಕೂಡ ಪ್ರತ್ಯಾಮ್ಲವೇ. ಅರಿಶಿಣ ಹಾಕಿದ ಹಳದಿ ಉಂಡೆಯ ಮೇಲೆ ತೇವ ತಗುಲಿದಲ್ಲಿ ಕಿತ್ತಳೆ, ಕಂದು ಚುಕ್ಕೆಗಳು ಮೂಡುವುದು ಇದರಿಂದ. ಅದು ಬೂಷ್ಟು ಅಲ್ಲ. ದಾಸವಾಳದ ಪುಡಿಯ ಕೆಂಪು ಬಣ್ಣವೂ ಸೋಡಾದ ಸಹವಾಸದಲ್ಲಿ ನೀಲಿ, ಬೂದು ಕಡೆಗೆ ತಿರುಗುತ್ತದೆ. ಒಣಗಿದ ಹೂವಿನ ಎಸಳು ಚೆಂದ ಕಂಡರೂ ಬಚ್ಚಲಿನ ಮೋರಿ ಕಟ್ಟುತ್ತದೆ. ಹೋಳಿಯ ಬಣ್ಣ, ರಂಗೋಲಿಯ ಬಣ್ಣ ಯಾವ ಕಾರಣಕ್ಕೂ ಬೇಡ. ಬಣ್ಣವೇ ಇಲ್ಲದ ಬಿಳಿ ಉಂಡೆ ಎಲ್ಲಕ್ಕಿಂತ ಸುರಕ್ಷಿತ.

ಒಣಗಿಸುವುದು, ಎತ್ತಿಡುವುದು

ಸಂಡಿಗೆ, ಹಪ್ಪಳದಂತೆ ತಾರಸಿಯ ಬಿಸಿಲಿಗೆ ಇಡಬೇಡಿ. ಸುಮಾರು 50 ಡಿಗ್ರಿ ದಾಟಿದರೆ ಅಡುಗೆ ಸೋಡಾ ನಿಧಾನವಾಗಿ ಒಡೆದು ಅನಿಲ ಕಳೆದುಕೊಂಡು, ನಾವು ಬೇಡವೆಂದ ಅದೇ ವಾಷಿಂಗ್ ಸೋಡಾ ಕಡೆಗೆ ತಿರುಗತೊಡಗುತ್ತದೆ. ಬೇಸಿಗೆಯಲ್ಲಿ ಕಾದ ತಗಡು, ಕಾದ ಸಿಮೆಂಟ್ ಅಷ್ಟು ಬಿಸಿಯಾಗಬಲ್ಲದು. ನೆರಳಿನಲ್ಲಿ, ಫ್ಯಾನಿನ ಕೆಳಗೆ ಒಂದೆರಡು ದಿನ ಒಣಗಿಸಿ.

ಪೂರ್ತಿ ಒಣಗುವ ಮುನ್ನ ಬಿಗಿ ಮುಚ್ಚಳದ ಡಬ್ಬಿಗೆ ತುಂಬಬೇಡಿ. ಒಳಗೆ ಅನಿಲ ತುಂಬಿ ಮುಚ್ಚಳ ಹಾರಬಹುದು, ಗಾಜಿನ ಬಾಟಲಿಯಾದರೆ ಒಡೆಯಬಹುದು. ಒಣಗಿದ ಮೇಲೆ ಒಂದೊಂದನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಬಚ್ಚಲಿನ ಹೊರಗೆ ಇಡಿ. ಪೇಡೆಯಂತೆ ಕಾಣುವುದರಿಂದ ಮಕ್ಕಳ ಕೈಗೆ ಸಿಗದಂತೆ, ಹೆಸರು ಬರೆದು ಇಡುವುದು ಮುಖ್ಯ.

ನಂಬಿಕೆ ಮತ್ತು ವಾಸ್ತವ

ಮೈಯ ವಿಷ ಹೊರತೆಗೆಯುತ್ತದೆಯೇ? ಇಲ್ಲ. ಆ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದು. ಗುಳ್ಳೆಗೆ ಅಂಥ ಶಕ್ತಿಯಿಲ್ಲ.

ಎಲ್ಲ ನೈಸರ್ಗಿಕ, ಹಾಗಾಗಿ ಹಾನಿಯಿಲ್ಲವೇ? ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5. ಸೋಡಾ ನೀರು ಅದಕ್ಕೆ ವಿರುದ್ಧ. ಅಪರೂಪಕ್ಕಾದರೆ ಸರಿ, ದಿನವೂ ಬಳಸಿದರೆ ಚರ್ಮ ಒಣಗುತ್ತದೆ. ಸುಗಂಧ ತೈಲಗಳು ನೈಸರ್ಗಿಕವಾದರೂ ಅಲರ್ಜಿ ತರಬಲ್ಲವು.

ಮುಚ್ಚಿದ ಬಚ್ಚಲಿನಲ್ಲಿ ಆ ಅನಿಲ ಅಪಾಯವೇ? 100 ಗ್ರಾಂ ಉಂಡೆಯಿಂದ ಹೆಚ್ಚೆಂದರೆ ಸುಮಾರು 10 ಲೀಟರ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಸಣ್ಣ ಬಚ್ಚಲಲ್ಲೂ ಸಾವಿರಾರು ಲೀಟರ್ ಗಾಳಿ ಇರುವುದರಿಂದ ಭಯವಿಲ್ಲ. ನಿಜವಾದ ಅಪಾಯ ಗ್ಯಾಸ್ ಗೀಸರಿನದು. ಕಿಟಕಿ ಮುಚ್ಚಿ ಬಹಳ ಹೊತ್ತು ಕುಳಿತರೆ ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯಬಲ್ಲದು.

ಹಂಡೆಗೇ ಹಾಕಬಹುದೇ? ಬೇಡ. ಹುಣಸೆಹಣ್ಣು ತಾಮ್ರವನ್ನು ಹೊಳೆಯಿಸುವುದು ಅದರ ಹುಳಿಯಿಂದ. ನಿಂಬೆ ಉಪ್ಪು ಕೂಡ ತಾಮ್ರದ ಮೇಲ್ಪದರವನ್ನು ಕರಗಿಸುತ್ತದೆ. ಪ್ಲಾಸ್ಟಿಕ್ ಬಕೆಟ್ ಸಾಕು.

ಯಾರು ದೂರ ಇರಬೇಕು?

ಇಸುಬು, ತುರಿಕೆ, ತೆರೆದ ಗಾಯ ಇರುವವರು ಬಳಸಬಾರದು. ಚಿಕ್ಕ ಮಕ್ಕಳಿಗೆ ಬೇಡ. ಸುಗಂಧ, ಸೋಡಾ ಬೆರೆತ ನೀರಿನಲ್ಲಿ ಕುಳಿತರೆ ಹೆಣ್ಣುಮಕ್ಕಳಿಗೆ ಗುಪ್ತಾಂಗದ ಉರಿ ಬರಬಹುದು. ಮಧುಮೇಹದಿಂದ ಪಾದದ ಸ್ಪರ್ಶ ಕಡಿಮೆಯಾದವರು ಬಿಸಿ ನೀರಿನಲ್ಲಿ ಕಾಲಿಡುವ ಮುನ್ನ ಮನೆಯವರಿಂದ ಬಿಸಿ ನೋಡಿಸಿಕೊಳ್ಳಬೇಕು, ಗಾಯವಿದ್ದರೆ ಈ ಪ್ರಯೋಗವೇ ಬೇಡ. ಎಲ್ಲಕ್ಕಿಂತ ಸಾಮಾನ್ಯವಾದ ಅಪಾಯ ಜಾರುವುದು. ಉಂಡೆಯ ಎಣ್ಣೆ ನೀರಿನಲ್ಲಿ ಕರಗುವುದಿಲ್ಲ, ತೇಲಿ ಟೈಲ್ಸ್ ಮೇಲೆ ಹರಡುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಎಣ್ಣೆಯನ್ನು ಪೂರ್ತಿ ಬಿಟ್ಟು, ಸ್ನಾನದ ನಂತರ ಮೈಗೆ ಹಚ್ಚಿಕೊಳ್ಳುವುದೇ ಲೇಸು.

ಮಾರುವ ಯೋಚನೆ ಇದ್ದರೆ

ಸಂಘದ ಮಳಿಗೆಯಲ್ಲಿ, ಮೇಳದಲ್ಲಿ ಇಟ್ಟು ಮಾರೋಣ ಎಂದು ಯೋಚಿಸುವವರು ಒಂದು ಮಾತು ತಿಳಿದಿರಬೇಕು. ಮಾರಾಟಕ್ಕಾಗಿ ಸೌಂದರ್ಯವರ್ಧಕ ತಯಾರಿಸಲು ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ, 1940 ಹಾಗೂ ಸೌಂದರ್ಯವರ್ಧಕ ನಿಯಮಗಳು, 2020ರ ಅಡಿ ಪರವಾನಗಿ ಬೇಕು. ಮನೆ ಬಳಕೆಗೆ, ಉಡುಗೊರೆಗೆ ಮಾಡುವುದು ಬೇರೆ ಮಾತು. ಉಡುಗೊರೆ ಕೊಡುವಾಗಲೂ ಒಳಗೆ ಏನೇನಿದೆ ಎಂಬ ಚೀಟಿ ಜೊತೆಗಿರಲಿ, ಬಕೆಟ್‌ಗೆ ಎಷ್ಟು ಎಂಬುದನ್ನೂ ಅದರಲ್ಲೇ ಬರೆಯಿರಿ.

ಮೊದಲ ಸಲ ಮಾಡುವವರು ಮೇಲಿನ ಅಳತೆಯ ಕಾಲು ಭಾಗದಿಂದ ಶುರು ಮಾಡಿ. ಏಳೆಂಟು ಉಂಡೆ ಕಟ್ಟಿ, ಎರಡು ದಿನ ಬಿಟ್ಟು ಒಂದನ್ನು ಬಕೆಟ್‌ಗೆ ಹಾಕಿ ನೋಡಿ. ಉಬ್ಬಿದ್ದರೆ ನೀರು ಇಳಿಸಿ, ಪುಡಿಯಾದರೆ ಒಂದು ಸ್ಪ್ರೇ ಏರಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ಯಾವುದರಿಂದ ಏನಾಯಿತು ಎಂಬುದು ತಾನೇ ತಿಳಿಯುತ್ತದೆ.